ಜಿಂಕೆಯ ಬೇಟೆಗೆ ತಕ್ಕ ಕೋವಿ: ನಳಿಗೆಯ ವ್ಯಾಸದ ಆಯ್ಕೆಯ ಚರಿತ್ರೆ

೧. ಪೀಠಿಕೆ

ಯಾವ ಮೃಗಕ್ಕೆ ಯಾವ ಆಯುಧ ತಕ್ಕುದು ಎಂಬ ಪ್ರಶ್ನೆ ಬೇಟೆಯಷ್ಟೇ ಹಳೆಯದು. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ರಾಜನ ವಿನೋದಗಳ ನಡುವೆ ಮೃಗಯೆಗೂ ಸ್ಥಾನ ಕೊಟ್ಟು, ಜಿಂಕೆಗಳನ್ನು ಬೇಟೆಯಾಡುವ ಬಗೆಗಳನ್ನು ವರ್ಣಿಸುತ್ತದೆ. ಅಂದು ಬಿಲ್ಲು, ಬಲೆ, ನಾಯಿ, ಚಿರತೆಗಳ ವಿಷಯವಾಗಿ ಇದ್ದ ಈ ವಿಚಾರವೇ ಹತ್ತೊಂಬತ್ತನೆಯ ಶತಮಾನದಲ್ಲಿ ನಳಿಗೆಯ ವ್ಯಾಸ, ಗುಂಡಿನ ತೂಕ, ಮದ್ದಿನ ಪ್ರಮಾಣಗಳ ವಿಚಾರವಾಗಿ ರೂಪಾಂತರ ಹೊಂದಿತು.

ಈ ವಿಷಯವನ್ನು ಬೇಟೆಗಾರರ ಹರಟೆಗೆ ಬಿಟ್ಟುಬಿಡುವುದು ನಮ್ಮ ಚರಿತ್ರಕಾರರ ವಾಡಿಕೆ. ಆದರೆ ವಿಚಾರಮಾಡಿ ನೋಡಿದರೆ, ಜಿಂಕೆಯೊಂದನ್ನು ಹೊಡೆಯಲು ಒಬ್ಬ ಮನುಷ್ಯನು ಕೈಗೆತ್ತಿಕೊಂಡ ಕೋವಿಯ ವ್ಯಾಸದಲ್ಲಿ ಮೂರು ಬೇರೆ ಬೇರೆ ಶಕ್ತಿಗಳ ಮುದ್ರೆ ಬಿದ್ದಿರುವುದು ಕಂಡುಬರುತ್ತದೆ. ಮೊದಲನೆಯದು ಮೃಗದ ದೇಹ. ಎರಡನೆಯದು ಮದ್ದಿನ ರಸಾಯನ. ಮೂರನೆಯದು ರಾಜ್ಯಶಕ್ತಿಯ ಭಯ. ಮೊದಲಿನ ಎರಡನ್ನು ಬೇಟೆಯ ಗ್ರಂಥಗಳು ವಿಸ್ತಾರವಾಗಿ ಚರ್ಚಿಸಿವೆ. ಮೂರನೆಯದನ್ನು ಅವು ಪ್ರಾಸಂಗಿಕವಾಗಿ ಮಾತ್ರ ಮುಟ್ಟುತ್ತವೆ. ಭಾರತದ ಮಟ್ಟಿಗಾದರೋ ಈ ಮೂರನೆಯದೇ ಅನೇಕ ವೇಳೆ ನಿರ್ಣಾಯಕವಾಯಿತೆಂಬುದನ್ನೂ, ಅದರ ಫಲವನ್ನು ಉಣ್ಣಬೇಕಾದದ್ದು ಬೇಟೆಗಾರನಿಗಿಂತ ಮಿಗಿಲಾಗಿ ಮೃಗವೆಂಬುದನ್ನೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಅಳತೆಯ ಭಾಷೆ

ಮುಂದಿನ ಚರ್ಚೆ ಸುಗಮವಾಗಬೇಕಾದರೆ ಅಳತೆಗಳ ಪರಿಚಯ ಅವಶ್ಯ. ನುಣುಪು ನಳಿಗೆಯ ಕಾಲದಲ್ಲಿ ಕೋವಿಯ ಗಾತ್ರವನ್ನು ‘ಬೋರು’ ಎಂಬ ಸಂಖ್ಯೆಯಿಂದ ಹೇಳುತ್ತಿದ್ದರು. ಒಂದು ಪೌಂಡು ಸೀಸದಿಂದ, ನಳಿಗೆಗೆ ಸರಿಹೊಂದುವ ಎಷ್ಟು ದುಂಡು ಗುಂಡುಗಳನ್ನು ಎರಕ ಹೊಯ್ಯಬಹುದೋ ಅಷ್ಟು ಅದರ ಬೋರು. ಆದುದರಿಂದ ಸಂಖ್ಯೆ ಚಿಕ್ಕದಾದಷ್ಟೂ ನಳಿಗೆ ದೊಡ್ಡದು. ಒಂದು ಪೌಂಡಿಗೆ ೭,೦೦೦ ಗ್ರೇನು. ಎಂದರೆ ೧೨ ಬೋರಿನ ದುಂಡು ಗುಂಡಿನ ತೂಕ ೫೮೩ ಗ್ರೇನು, ವ್ಯಾಸ.೭೨೯ ಅಂಗುಲ. ೧೬ ಬೋರಿನದು ೪೩೭ ಗ್ರೇನು, .೬೬೨ ಅಂಗುಲ. ೪ ಬೋರಿನ ಗುಂಡಾದರೋ ಕಾಲು ಪೌಂಡು ತೂಗುತ್ತಿತ್ತು. ಗೀರುನಳಿಗೆಗಳು ಬಳಕೆಗೆ ಬಂದು ಗುಂಡು ದುಂಡಾಕಾರವನ್ನು ಬಿಟ್ಟು ನೀಳವಾದ ಮೇಲೆ ಬೋರಿನ ಸಂಖ್ಯೆಗೆ ಅರ್ಥ ಉಳಿಯಲಿಲ್ಲ. ಬ್ರಿಟಿಷರು ನಳಿಗೆಯ ವ್ಯಾಸವನ್ನು ಅಂಗುಲದ ದಶಾಂಶದಲ್ಲಿಯೂ, ಯೂರೋಪಿನ ಇತರರು ಮಿಲಿಮೀಟರಿನಲ್ಲಿಯೂ ಹೇಳತೊಡಗಿದರು. .೪೫೦, .೩೦೩, .೩೧೫ ಮೊದಲಾದ ಹೆಸರುಗಳು ಹುಟ್ಟಿದ್ದು ಹೀಗೆ.

ಇನ್ನು ಮೃಗದ ವಿಚಾರ. ‘ಜಿಂಕೆ’ ಎಂಬ ಒಂದೇ ಮಾತಿನಲ್ಲಿ ನಾವು ಸೇರಿಸಿಬಿಡುವ ಪ್ರಾಣಿಗಳು ಗಾತ್ರದಲ್ಲಿ ಒಂದಕ್ಕೊಂದು ಹೋಲುವುದಿಲ್ಲ. ಕಾಡುಕುರಿ ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ಕಿಲೋಗ್ರಾಮಿನೊಳಗಿನ ಪ್ರಾಣಿ. ಚುಕ್ಕಿಜಿಂಕೆಯ ಗಂಡು ಎಪ್ಪತ್ತು ಎಂಬತ್ತು ಕಿಲೋಗ್ರಾಮು ತೂಗುವುದುಂಟು. ಕಡವೆಯ ಹೋರಿಯಾದರೆ ಇನ್ನೂರು ಕಿಲೋಗ್ರಾಮನ್ನು ಸುಲಭವಾಗಿ ಮೀರುತ್ತದೆ. ಬಯಲುಸೀಮೆಯ ಕೃಷ್ಣಮೃಗವು ಪ್ರಾಣಿಶಾಸ್ತ್ರದ ದೃಷ್ಟಿಯಿಂದ ಜಿಂಕೆಯ ಜಾತಿಗೆ ಸೇರದಿದ್ದರೂ ಬೇಟೆಗಾರರ ಲೆಕ್ಕದಲ್ಲಿ ಅದರ ಜತೆಯಲ್ಲೇ ಬರುತ್ತದೆ. ಕಡವೆ ಸಿಕ್ಕುವುದು ಗಿಡ ದಟ್ಟವಾದ ಕಾಡಿನಲ್ಲಿ, ಐವತ್ತು ಅರವತ್ತು ಗಜದೊಳಗೆ. ಕೃಷ್ಣಮೃಗ ಸಿಕ್ಕುವುದು ಮರೆಯಿಲ್ಲದ ಬಯಲಿನಲ್ಲಿ, ಇನ್ನೂರು ಗಜದ ಆಚೆ. ಒಂದಕ್ಕೆ ಒಪ್ಪುವ ಕೋವಿ ಇನ್ನೊಂದಕ್ಕೆ ಒಪ್ಪದೆ ಹೋಗುವುದು ಸಹಜ.

೩. ದುಂಡು ಗುಂಡಿನಿಂದ ‘ಎಕ್ಸ್‌ಪ್ರೆಸ್’ ಕೋವಿಗೆ

೧೮೫೦ರ ದಶಕದಲ್ಲಿ ಬ್ರಿಟಿಷ್ ಸೈನ್ಯವು .೫೭೭ ಅಂಗುಲ ವ್ಯಾಸದ ಎನ್‌ಫೀಲ್ಡ್ ಗೀರುಕೋವಿಯನ್ನು ಅಂಗೀಕರಿಸಿತು. ಅದರ ತೋಟಾಕ್ಕೆ ಸವರಿದ ಕೊಬ್ಬು ೧೮೫೭ರ ಮಹಾಸಂಘರ್ಷಕ್ಕೆ ಕಿಡಿಯಾದ ವೃತ್ತಾಂತ ಸರ್ವವಿದಿತ. ನೀಳವಾದ, ಭಾರವಾದ ಆ ಗುಂಡು ದೂರದ ಸೈನ್ಯದ ಸಾಲಿನ ಮೇಲೆ ಬೀಳಲು ತಕ್ಕುದಾಗಿತ್ತು. ಆದರೆ ಅದರ ವೇಗ ಕಡಮೆಯಾದುದರಿಂದ ಹಾರುವ ದಾರಿ ಬಹಳ ಬಾಗುತ್ತಿತ್ತು. ಸೈನಿಕನು ದೂರವನ್ನು ಅಳೆದು ಗುರಿಪಟ್ಟಿಯನ್ನು ಏರಿಸಿ ಇಳಿಸಬಲ್ಲ. ಕಾಡಿನ ಅಂಚಿನಲ್ಲಿ ಕ್ಷಣಕಾಲ ನಿಂತು ಮರೆಯಾಗುವ ಜಿಂಕೆಯ ಮುಂದೆ ಬೇಟೆಗಾರನಿಗೆ ಆ ಅವಕಾಶವಿಲ್ಲ.

ಈ ಅಂತರವನ್ನು ಶಾಸ್ತ್ರೀಯವಾಗಿ ವಿವೇಚಿಸಿದವರಲ್ಲಿ ಜೇಮ್ಸ್ ಫಾರ್ಸೈತನು ಮುಖ್ಯನು. ಮಧ್ಯಪ್ರಾಂತಗಳಲ್ಲಿ ಅಧಿಕಾರಿಯಾಗಿದ್ದು, ಅಲ್ಲಿಯ ಕಾಡುಗಳನ್ನು ಕುರಿತ ಪ್ರಸಿದ್ಧ ಗ್ರಂಥವನ್ನು ಬರೆದ ಈತನು ೧೮೬೩ರಲ್ಲಿ ಬೇಟೆಯ ಕೋವಿ ಮತ್ತು ಅದರ ಗುಂಡುಗಳನ್ನು ಕುರಿತು ಪ್ರತ್ಯೇಕವಾದ ಒಂದು ಪುಸ್ತಕವನ್ನು ಪ್ರಕಟಿಸಿದನು. ನಳಿಗೆಯ ಗೀರುಗಳು ಮೆಲ್ಲನೆ ತಿರುಗುವಂತಿದ್ದರೆ ದುಂಡು ಗುಂಡಿನ ಹಿಂದೆ ಹೆಚ್ಚು ಮದ್ದನ್ನು ತುಂಬಬಹುದು. ಹೆಚ್ಚು ಮದ್ದಿನಿಂದ ಹೆಚ್ಚು ವೇಗ. ಹೆಚ್ಚು ವೇಗದಿಂದ ನೇರವಾದ ದಾರಿ. ನೇರವಾದ ದಾರಿಯಿಂದ ದೂರವನ್ನು ಅಂದಾಜುಮಾಡುವಲ್ಲಿ ಆಗುವ ತಪ್ಪಿನ ಪರಿಹಾರ: ಇದು ಅವನ ವಾದದ ಸಾರ.

ಈ ವಾದದ ಬಲವನ್ನು ಸರಳವಾದ ಲೆಕ್ಕದಿಂದಲೇ ತಿಳಿಯಬಹುದು. ಗಾಳಿಯ ತಡೆಯನ್ನು ಸದ್ಯಕ್ಕೆ ಬಿಟ್ಟು, ೧೫೦ ಗಜದ ದೂರವನ್ನು ತೆಗೆದುಕೊಳ್ಳೋಣ. ಸೆಕೆಂಡಿಗೆ ೧,೩೦೦ ಅಡಿ ವೇಗದ ಗುಂಡು ಆ ದೂರವನ್ನು ಕ್ರಮಿಸುವಷ್ಟರಲ್ಲಿ ಸುಮಾರು ೨೩ ಅಂಗುಲ ಕೆಳಕ್ಕೆ ಬೀಳುತ್ತದೆ. ವೇಗ ೧,೭೭೫ ಅಡಿಗೆ ಏರಿದರೆ ಬೀಳುವುದು ಸುಮಾರು ೧೨ ಅಂಗುಲ. ೨,೭೦೦ ಅಡಿಗೆ ಏರಿದರೆ ೫ ಅಂಗುಲಕ್ಕೆ ತುಸು ಹೆಚ್ಚು. ಜಿಂಕೆಯ ಎದೆಯಲ್ಲಿ ಗುಂಡು ತಗುಲಿದೊಡನೆ ಪ್ರಾಣ ಹೋಗುವ ಭಾಗ, ಎಂದರೆ ಹೃದಯ ಶ್ವಾಸಕೋಶಗಳ ಪ್ರದೇಶ, ಹೆಚ್ಚುಕಡಮೆ ಒಂದು ಗೇಣಿನಷ್ಟು. ಎರಡು ಅಡಿ ಬೀಳುವ ಗುಂಡಿಗೆ ದೂರದ ಅಂದಾಜು ತುಸು ತಪ್ಪಿದರೂ ಅದು ಈ ಗೇಣನ್ನು ಬಿಟ್ಟು ಹೊಟ್ಟೆಗೋ ಕಾಲಿಗೋ ತಗುಲುತ್ತದೆ. ಮೃಗ ಓಡಿಹೋಗಿ ದಿನಗಟ್ಟಲೆ ನರಳಿ ಸಾಯುತ್ತದೆ. ಹೀಗೆ ನೇರವಾದ ದಾರಿಯ ಪ್ರಶ್ನೆ ಕೇವಲ ಗುರಿಕಾರನ ಕೌಶಲದ ಪ್ರಶ್ನೆಯಾಗಿರಲಿಲ್ಲ. ನೋವಿನ ಪ್ರಶ್ನೆಯೂ ಆಗಿತ್ತು.

ಇದೇ ಗುರಿಯನ್ನು ಬೇರೆ ಮಾರ್ಗದಿಂದ ಮುಟ್ಟಿದವರು ಲಂಡನ್ನಿನ ಕೋವಿಗಾರರು. ೧೮೫೬ರಲ್ಲಿ ಜೇಮ್ಸ್ ಪರ್ಡೆಯು ಹಗುರವಾದ ಗುಂಡು, ಹೆಚ್ಚಿನ ಮದ್ದು ಎಂಬ ತತ್ತ್ವದ ಮೇಲೆ ಮಾಡಿದ ಕೋವಿಗೆ ಆ ಕಾಲದ ವೇಗದ ಸಂಕೇತವಾಗಿದ್ದ ಎಕ್ಸ್‌ಪ್ರೆಸ್ ರೈಲಿನ ಹೆಸರನ್ನಿಟ್ಟನು. ಮುಂದೆ ಹಿಂಬದಿಯಿಂದ ತೋಟಾ ತುಂಬುವ ಕೋವಿಗಳು ಬಂದಾಗ .೪೫೦, .೫೦೦, .೫೭೭ ವ್ಯಾಸದ ‘ಎಕ್ಸ್‌ಪ್ರೆಸ್’ ಕೋವಿಗಳು ಭಾರತದ ಬ್ರಿಟಿಷ್ ಅಧಿಕಾರಿಗಳ ನೆಚ್ಚಿನ ಆಯುಧಗಳಾದವು. ಇವುಗಳಲ್ಲಿ .೪೫೦ ಜಿಂಕೆಗಳಿಗೂ ಕೃಷ್ಣಮೃಗಕ್ಕೂ ವಿಶೇಷವಾಗಿ ಒಪ್ಪಿತು. ಗುಂಡಿನ ತುದಿಯಲ್ಲಿ ಕೊರೆದ ರಂಧ್ರದಿಂದಾಗಿ ಅದು ದೇಹವನ್ನು ಹೊಕ್ಕೊಡನೆ ಅಣಬೆಯಂತೆ ಅರಳಿ ದೊಡ್ಡ ಗಾಯಮಾಡುತ್ತಿತ್ತು.

ಎಲ್ಲರೂ ಇದನ್ನು ಮೆಚ್ಚಲಿಲ್ಲ. ಸಿಂಹಳದಲ್ಲಿ ಕಡವೆಗಳನ್ನು ನಾಯಿಗಳಿಂದ ಅಟ್ಟಿಸಿ ಬೇಟೆಯಾಡಿ ಹೆಸರಾದ ಸ್ಯಾಮ್ಯುಯಲ್ ಬೇಕರನು ೧೮೯೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಟೊಳ್ಳು ಗುಂಡನ್ನು ಖಂಡಿಸಿ, ಹುಲಿಯಂತಹ ಮೃಗಕ್ಕೆ .೫೭೭ ಕೋವಿಯ ೬೪೮ ಗ್ರೇನು ತೂಕದ ಶುದ್ಧ ಸೀಸದ ಗಟ್ಟಿ ಗುಂಡೇ ಸರಿಯೆಂದು ಸಾಧಿಸಿದನು. ಟೊಳ್ಳು ಗುಂಡು ಮೇಲೆಯೇ ಒಡೆದು ಚೂರಾಗಿ ಒಳಗಿನ ಮರ್ಮವನ್ನು ಮುಟ್ಟದೆ ಹೋಗಬಹುದೆಂಬುದು ಆಕ್ಷೇಪದ ತಿರುಳು. ನಮ್ಮ ಮೈಸೂರು ಸೀಮೆಯಲ್ಲಿ ಅಧಿಕಾರಿಯಾಗಿದ್ದು, ಖೆಡ್ಡಾ ಕ್ರಮದಿಂದ ಆನೆಗಳನ್ನು ಹಿಡಿಸಿ ಖ್ಯಾತನಾದ ಜಿ. ಪಿ. ಸ್ಯಾಂಡರ್ಸನ್ನನು ೧೮೭೮ರಲ್ಲಿ ತನ್ನ ಹದಿಮೂರು ವರ್ಷಗಳ ಅನುಭವವನ್ನು ಪ್ರಕಟಿಸಿದಾಗ ಆನೆ ಕಾಟಿಗಳಿಗೆ ೪ ಮತ್ತು ೮ ಬೋರಿನಂಥ ಭಾರಿ ಕೋವಿಗಳ ಪಕ್ಷವನ್ನೇ ವಹಿಸಿದನು. ದೊಡ್ಡ ಮೃಗಕ್ಕೆ ಭಾರ, ಜಿಂಕೆಗೆ ವೇಗ ಎಂಬ ವಿಭಾಗ ಈ ವೇಳೆಗೆ ಸ್ಥಿರವಾಗಿತ್ತು.

೪. ಹೊಗೆಯಿಲ್ಲದ ಮದ್ದು ಮತ್ತು ಕಿರಿದಾದ ನಳಿಗೆ

೧೮೮೪ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಎಂಬ ರಸಾಯನಶಾಸ್ತ್ರಜ್ಞನು ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದನು. ೧೮೮೯ರಲ್ಲಿ ಬ್ರಿಟನ್ನಿನಲ್ಲಿ ಆಬೆಲ್ ಮತ್ತು ಡ್ಯೂಅರರು ‘ಕಾರ್ಡೈಟ್’ ಮದ್ದನ್ನು ಕಂಡುಹಿಡಿದರು. ಕರಿಮದ್ದಿನಿಂದ ದೊರೆಯದ ವೇಗ ಇದರಿಂದ ದೊರೆತುದರಿಂದ, ಗುಂಡು ಕಿರಿದಾದರೂ ಕೆಲಸಕ್ಕೆ ಕೊರತೆಯಾಗಲಿಲ್ಲ. ಬ್ರಿಟಿಷ್ ಸೈನ್ಯದ ಕೋವಿ .೪೫೦ರಿಂದ .೩೦೩ಕ್ಕೆ ಇಳಿಯಿತು. ಅಮೆರಿಕದಲ್ಲಿ ೧೮೯೫ರಲ್ಲಿ ಬಂದ .೩೦-೩೦ ವಿಂಚೆಸ್ಟರ್ ಅಲ್ಲಿಯ ಬಿಳಿಬಾಲದ ಜಿಂಕೆಯ ಬೇಟೆಗೆ ಮನೆಮಾತಾಯಿತು. ಜರ್ಮನಿಯ ಮೌಸರ್ ಕಾರ್ಖಾನೆಯ ೭ ಮಿಲಿಮೀಟರಿನ ತೋಟಾವನ್ನು ಲಂಡನ್ನಿನ ರಿಗ್ಬಿಯವರು .೨೭೫ ಎಂಬ ಹೆಸರಿನಿಂದ ಬಳಕೆಗೆ ತಂದರು. ಜಿಮ್ ಕಾರ್ಬೆಟ್ಟರಿಗೆ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದುದಕ್ಕಾಗಿ ೧೯೦೭ರಲ್ಲಿ ಬಹುಮಾನವಾಗಿ ಬಂದ ಕೋವಿ ಇದೇ ವ್ಯಾಸದ್ದು.

ಈ ಅರ್ಧ ಶತಮಾನದ ಪರಿವರ್ತನೆಯನ್ನು ಅಂಕೆಗಳಲ್ಲಿ ನೋಡುವುದು ಉಚಿತ. ಗುಂಡಿನ ತೂಕವನ್ನು (ಗ್ರೇನು) ವೇಗದ ವರ್ಗದಿಂದ (ಸೆಕೆಂಡಿಗೆ ಅಡಿ) ಗುಣಿಸಿ ೪,೫೦,೪೦೦ರಿಂದ ಭಾಗಿಸಿದರೆ ನಳಿಗೆಯ ಬಾಯಿಯಲ್ಲಿ ಅದರ ಚಲನಶಕ್ತಿ ಅಡಿ-ಪೌಂಡುಗಳಲ್ಲಿ ದೊರೆಯುತ್ತದೆ. ಆಯಾ ಕಾಲದ ಸಾಮಾನ್ಯ ತೋಟಾಗಳಿಗೆ ಈ ಲೆಕ್ಕವನ್ನು ಅನ್ವಯಿಸಿದಾಗ ಹೀಗಾಗುತ್ತದೆ:

೧೨ ಬೋರಿನ ದುಂಡು ಗುಂಡು (.೭೨೯): ತೂಕ ೫೮೩, ವೇಗ ೧,೩೦೦ ಎಂದು ಹಿಡಿದರೆ, ಶಕ್ತಿ ೨,೧೯೦.
.೪೫೦ ಕರಿಮದ್ದಿನ ಎಕ್ಸ್‌ಪ್ರೆಸ್: ತೂಕ ೩೨೫, ವೇಗ ೧,೭೭೫, ಶಕ್ತಿ ೨,೨೭೦.
.೩೦೩ ಕಾರ್ಡೈಟ್: ತೂಕ ೨೧೫, ವೇಗ ೧,೯೭೦, ಶಕ್ತಿ ೧,೮೫೦.
.೩೧೫ (೮ ಮಿಲಿಮೀಟರ್ ಮ್ಯಾನ್ಲಿಖರ್): ತೂಕ ೨೪೪, ವೇಗ ೨,೦೩೦, ಶಕ್ತಿ ೨,೨೩೦.
.೨೭೫: ತೂಕ ೧೪೦, ವೇಗ ೨,೭೦೦ ಎಂದು ಹಿಡಿದರೆ, ಶಕ್ತಿ ೨,೨೭೦.
.೨೪೩ ವಿಂಚೆಸ್ಟರ್ (೧೯೫೫): ತೂಕ ೧೦೦, ವೇಗ ೨,೯೬೦, ಶಕ್ತಿ ೧,೯೫೦.

ಈ ಪಟ್ಟಿಯಿಂದ ಗಮನಾರ್ಹವಾದ ಒಂದು ಸಂಗತಿ ವ್ಯಕ್ತವಾಗುತ್ತದೆ. ಸುಮಾರು ನೂರು ವರ್ಷಗಳಲ್ಲಿ ಗುಂಡಿನ ವ್ಯಾಸ ಮೂರನೆಯ ಒಂದಂಶಕ್ಕೂ, ಅಡ್ಡಕೊಯ್ತದ ವಿಸ್ತೀರ್ಣ ಒಂಬತ್ತನೆಯ ಒಂದಂಶಕ್ಕೂ, ತೂಕ ಆರನೆಯ ಒಂದಂಶದ ಹತ್ತಿರಕ್ಕೂ ಇಳಿದಿವೆ. ಆದರೆ ಶಕ್ತಿ ಮಾತ್ರ ೧,೮೫೦ರಿಂದ ೨,೨೭೦ರ ಒಳಗೇ ಸುಳಿದಾಡಿದೆ. ಕಾರಣ ಸ್ಪಷ್ಟ. ಕೋವಿ ಬದಲಾಯಿತು, ಮದ್ದು ಬದಲಾಯಿತು, ಜಿಂಕೆ ಬದಲಾಗಲಿಲ್ಲ. ಒಂದು ದೊಡ್ಡ ಜಿಂಕೆಯನ್ನು ಖಂಡಿತವಾಗಿ ಕೆಡಹಲು ಬೇಕಾದ ಶಕ್ತಿಯ ಮಟ್ಟವೊಂದನ್ನು ತಲೆಮಾರುಗಳ ಅನುಭವ ಗೊತ್ತುಮಾಡಿತ್ತು. ಪ್ರತಿಯೊಂದು ಹೊಸ ತಂತ್ರವೂ ಆ ಮಟ್ಟವನ್ನೇ ಹೊಸ ದಾರಿಯಿಂದ ಮುಟ್ಟಿತು. ಅಮೆರಿಕದ .೩೦-೩೦ರ ಮೊದಲಿನ ತೋಟಾಗಳ ಶಕ್ತಿ ಇದಕ್ಕಿಂತ ಕಡಮೆಯಿದ್ದುದು ನಿಜ. ಆದರೆ ಅದರ ಮೃಗವೂ ಕಡವೆಗಿಂತ ಚಿಕ್ಕದು; ಅದನ್ನು ಬಳಸಿದ್ದೂ ಬಹುಮಟ್ಟಿಗೆ ಕಾಡಿನೊಳಗಿನ ಹತ್ತಿರದ ಗುರಿಗೆ.

ಶಕ್ತಿಯ ಅಂಕೆಯೊಂದೇ ಸರ್ವಸ್ವವೆಂದು ಮಾತ್ರ ವಿದ್ಯಾರ್ಥಿಗಳು ಭಾವಿಸಬಾರದು. ಅಗಲವಾದ ಸೀಸದ ಗುಂಡು ಅರಳದಿದ್ದರೂ ದೊಡ್ಡ ಗಾಯಮಾಡುತ್ತದೆ. ತಾಮ್ರ ನಿಕ್ಕಲುಗಳ ಕವಚ ಪೂರ್ತಿಯಾಗಿ ಮುಚ್ಚಿದ ಕಿರುಗುಂಡಾದರೋ ಮೃಗದ ದೇಹವನ್ನು ಸೂಜಿಯಂತೆ ಹಾಯ್ದು ಆಚೆ ಹೊರಟುಹೋಗಬಹುದು. ಆಗ ಅದರ ಶಕ್ತಿಯ ಬಹುಭಾಗ ಮೃಗಕ್ಕೆ ತಗುಲುವುದೇ ಇಲ್ಲ. ಆದುದರಿಂದ ವ್ಯಾಸ ಕಿರಿದಾದಷ್ಟೂ ಗುಂಡಿನ ರಚನೆಯ ಪ್ರಶ್ನೆ ಹಿರಿದಾಯಿತು.

೫. ಡಂಡಂ ಗುಂಡು: ಒಂದು ವೈಪರೀತ್ಯ

ಈ ಪ್ರಶ್ನೆ ಮೊದಲು ತೀವ್ರವಾಗಿ ಎದ್ದುದು ಬೇಟೆಯಲ್ಲಲ್ಲ, ಯುದ್ಧದಲ್ಲಿ. ಅದೂ ಭಾರತದ ಗಡಿಯಲ್ಲಿ. ೧೮೯೫ರ ಚಿತ್ರಾಲ್ ದಂಡಯಾತ್ರೆಯಲ್ಲಿ .೩೦೩ರ ಕವಚದ ಗುಂಡು ಎದುರಾಳಿಯನ್ನು ತಡೆದು ನಿಲ್ಲಿಸುವುದಿಲ್ಲವೆಂಬ ದೂರು ಬಂದಿತು. ಕಲ್ಕತ್ತೆಯ ಬಳಿಯ ಡಂಡಂ ಶಸ್ತ್ರಾಗಾರದಲ್ಲಿ ಬರ್ಟಿ-ಕ್ಲೇ ಎಂಬ ಅಧಿಕಾರಿಯು ಗುಂಡಿನ ತುದಿಯ ಕವಚವನ್ನು ತೆಗೆದು ಒಳಗಿನ ಸೀಸ ಹೊರಗೆ ಕಾಣುವಂತೆ ಮಾಡಿದನು. ಅದು ದೇಹದೊಳಗೆ ಅರಳಿ ಭಯಂಕರವಾದ ಗಾಯಮಾಡಿತು. ೧೮೯೯ರ ಹೇಗ್ ಸಮ್ಮೇಳನದಲ್ಲಿ ಬ್ರಿಟಿಷ್ ಪ್ರತಿನಿಧಿ ಸರ್ ಜಾನ್ ಆರ್ಡಾನು ಇದನ್ನು ಸಮರ್ಥಿಸಿದರೂ, ಇತರ ರಾಷ್ಟ್ರಗಳು ದೇಹದಲ್ಲಿ ಅರಳುವ ಗುಂಡನ್ನು ಯುದ್ಧದಲ್ಲಿ ಬಳಸಕೂಡದೆಂದು ಘೋಷಿಸಿದವು. ಬ್ರಿಟನ್ನು ೧೯೦೭ರಲ್ಲಿ ಈ ಘೋಷಣೆಗೆ ಒಪ್ಪಿತು.

ಇದರ ಪಕ್ಕದಲ್ಲಿ ೧೯೬೩ರಲ್ಲಿ ಇಂಗ್ಲೆಂಡು ಮತ್ತು ವೇಲ್ಸ್‌ಗಳಿಗಾಗಿ ಬ್ರಿಟಿಷ್ ಪಾರ್ಲಿಮೆಂಟು ಮಾಡಿದ ಜಿಂಕೆಗಳ ಕಾಯಿದೆಯನ್ನಿಟ್ಟು ನೋಡಬೇಕು. ಜಿಂಕೆಯನ್ನು ಹೊಡೆಯುವ ಗೀರುಕೋವಿಯ ವ್ಯಾಸ .೨೪೦ ಅಂಗುಲಕ್ಕೂ, ಶಕ್ತಿ ೧,೭೦೦ ಅಡಿ-ಪೌಂಡಿಗೂ ಕಡಮೆಯಿರಕೂಡದು. ಗುಂಡು ಮೆತ್ತನೆಯ ತುದಿಯದೋ ಟೊಳ್ಳು ತುದಿಯದೋ ಆಗಿರಲೇಬೇಕು ಎಂದು ಅದು ವಿಧಿಸಿತು. ಮನುಷ್ಯನ ಮೇಲೆ ಕ್ರೂರವೆಂದು ನಿಷೇಧಿಸಿದ ಗುಂಡೇ ಜಿಂಕೆಯ ವಿಷಯದಲ್ಲಿ ದಯೆಯೆಂದು ಕಡ್ಡಾಯವಾಯಿತು. ಇದನ್ನು ಕೇವಲ ವಿರೋಧಾಭಾಸವೆಂದು ನಕ್ಕು ಬಿಡುವಂತಿಲ್ಲ. ಯುದ್ಧದ ನಿಯಮವು ಗಾಯಗೊಂಡವನು ಬದುಕಿ ಉಳಿಯಲಿ, ಅವನಿಗೆ ಚಿಕಿತ್ಸೆ ದೊರೆಯಲಿ ಎಂಬ ಭಾವನೆಯ ಮೇಲೆ ನಿಂತಿದೆ. ಬೇಟೆಯಲ್ಲಿ ಗಾಯಗೊಂಡ ಮೃಗಕ್ಕೆ ಚಿಕಿತ್ಸೆಯೆಂಬುದಿಲ್ಲ. ಅಲ್ಲಿ ಕೂಡಲೇ ಬರುವ ಸಾವೇ ಕನಿಷ್ಠ ನೋವು. ಒಂದೇ ಕರುಣೆ ಎರಡು ಸನ್ನಿವೇಶಗಳಲ್ಲಿ ಎರಡು ವಿರುದ್ಧ ವಿಧಿಗಳನ್ನು ಹುಟ್ಟಿಸಿತು. ಕಾಯಿದೆ ಗೊತ್ತುಮಾಡಿದ ೧,೭೦೦ರ ಮಿತಿ ಮೇಲಿನ ಪಟ್ಟಿಯ ಎಲ್ಲ ಅಂಕೆಗಳಿಗಿಂತ ಸ್ವಲ್ಪವೇ ಕೆಳಗಿರುವುದೂ ಸ್ಮರಣೀಯ. ಬೇಟೆಗಾರರ ಅನುಭವ ಕಂಡುಕೊಂಡಿದ್ದ ಮಟ್ಟದ ತಳಭಾಗಕ್ಕೆ ಶಾಸನವು ಗೆರೆಯೆಳೆಯಿತು.

೬. ಭಾರತದಲ್ಲಿ ರಾಜ್ಯಶಕ್ತಿಯ ಭಯ

ಬ್ರಿಟನ್ನಿನಲ್ಲಿ ಕಾಯಿದೆಯು ಜಿಂಕೆಯನ್ನು ನೆನೆದು ವ್ಯಾಸವನ್ನು ಗೊತ್ತುಮಾಡಿತು. ಅದೇ ಬ್ರಿಟಿಷರು ಆಳುತ್ತಿದ್ದ ಭಾರತದಲ್ಲಿ ಕಾಯಿದೆಯು ನೆನೆದದ್ದು ದಂಗೆಯನ್ನು. ೧೮೫೭ರ ಅನಂತರ ಜನರನ್ನು ನಿರಾಯುಧರನ್ನಾಗಿ ಮಾಡುವ ಶಾಸನಗಳು ಒಂದರ ಹಿಂದೆ ಒಂದು ಬಂದು, ೧೮೭೮ರ ಭಾರತೀಯ ಶಸ್ತ್ರ ಕಾಯಿದೆಯಲ್ಲಿ ಪರ್ಯವಸಾನ ಹೊಂದಿದವು. ಭಾರತೀಯನಿಗೆ ಪರವಾನಗಿ ಬೇಕು; ಯೂರೋಪಿಯನ್ನನಿಗೆ ಬೇಡ ಎಂಬ ಭೇದವನ್ನು ಈ ಕಾಯಿದೆಯ ವ್ಯವಸ್ಥೆ ದೀರ್ಘಕಾಲ ಪಾಲಿಸಿತು.

ಇದಕ್ಕೆ ನಮ್ಮ ನಾಡಿನಲ್ಲೇ ಒಂದು ಪ್ರಸಿದ್ಧವಾದ ಅಪವಾದವುಂಟು. ಕೊಡಗಿನವರನ್ನು ನಿರಾಯುಧೀಕರಣದ ಶಾಸನದಿಂದ ಹೊರಗಿಡಬೇಕೆಂದು ೧೮೬೧ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನನು ಅಪ್ಪಣೆಮಾಡಿದನು. ಕೈಲ್‌ಪೊಳ್ದಿನಲ್ಲಿ ಕೋವಿಗೆ ಪೂಜೆ ಸಲ್ಲಿಸುವ, ಗಂಡುಮಗು ಹುಟ್ಟಿದಾಗ ಗುಂಡು ಹಾರಿಸುವ ಸಮಾಜಕ್ಕೆ ಇದು ಗೌರವದ ಕುರುಹಾಯಿತು. ಸ್ವತಂತ್ರ ಭಾರತವು ೧೯೬೩ರಲ್ಲಿ ಈ ವಿನಾಯಿತಿಯನ್ನು ಮುಂದುವರಿಸಿತು. ೨೦೧೯ರಲ್ಲಿ ಅದನ್ನು ೨೦೨೯ರವರೆಗೆ ವಿಸ್ತರಿಸಲಾಯಿತು. ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ರಾಜಭಕ್ತಿಗೆ ಪ್ರತಿಯಾಗಿ ಬಂದ ವಿನಾಯಿತಿಯು ಮಿಕ್ಕವರ ಮೇಲಿನ ಅವಿಶ್ವಾಸಕ್ಕೂ ಕನ್ನಡಿಯಾಗಿದೆ ಎಂಬುದನ್ನು ಮರೆಯಬಾರದು.

ಪರವಾನಗಿಯಿಂದಾಚೆಗೆ ವ್ಯಾಸದ ಮೇಲೆಯೇ ನಿರ್ಬಂಧ ಬಂದಿತು. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಕೋವಿಗಳ ನಳಿಗೆ .೪೫೦. ದಂಗೆಕೋರರ ಕೈಸೇರಿದ ಆ ಕೋವಿಗಳಿಗೆ ಬೇಟೆಯ ತೋಟಾದ ಗುಂಡು ಒದಗೀತೆಂಬ ಶಂಕೆಯಿಂದ ೧೯೦೭ರ ಸುಮಾರಿಗೆ .೪೫೦ ವ್ಯಾಸದ ಬೇಟೆಯ ಕೋವಿ ಮತ್ತು ತೋಟಾಗಳನ್ನು ಭಾರತಕ್ಕೆ ತರುವುದನ್ನು ನಿಷೇಧಿಸಲಾಯಿತು. ಲಂಡನ್ನಿನ ಕೋವಿಗಾರರು ಕೂಡಲೇ .೪೬೫, .೪೭೦, .೪೭೫ ಎಂಬ ಹೊಸ ವ್ಯಾಸಗಳನ್ನು ನಿರ್ಮಿಸಿದರು. ಈ ಅಂಕೆಗಳಿಗೆ ಆನೆಯ ದೇಹವಾಗಲಿ ಕಾಟಿಯ ದೇಹವಾಗಲಿ ಕಾರಣವಲ್ಲ. ಗಡಿಯ ಬಂಡಾಯದ ಭಯವೇ ಕಾರಣ.

ಜಿಂಕೆಯ ಕೋವಿಗೂ ಇದೇ ಗತಿಯಾಯಿತು. .೩೦೩ ಸೈನ್ಯದ ವ್ಯಾಸವಾದುದರಿಂದ ಸಾಮಾನ್ಯ ಪರವಾನಗಿದಾರನಿಗೆ ಅದು ನಿಷಿದ್ಧವಾಯಿತು. ಗುಣದಲ್ಲಿ ಅದಕ್ಕೆ ಸಮನಾಗಿದ್ದೂ, ಬ್ರಿಟಿಷ್ ಸೈನ್ಯದ ತೋಟಾ ಹೊಂದದಂತಹ ಒಂದು ವ್ಯಾಸ ಬೇಕಾಗಿತ್ತು. ಆಸ್ಟ್ರಿಯದ ಮ್ಯಾನ್ಲಿಖರ್ ಸೈನಿಕ ಕೋವಿಯ ೮ ಮಿಲಿಮೀಟರಿನ ತೋಟಾ ಈ ಕೊರತೆಯನ್ನು ತುಂಬಿತು. ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಾರ್ಖಾನೆಯವರು .೩೦೩ರ ಯಂತ್ರಾಂಗಗಳ ಮೇಲೆಯೇ ಈ ತೋಟಾಕ್ಕೆ ಒಪ್ಪುವ ನಳಿಗೆಯನ್ನು ಜೋಡಿಸಿ, .೩೧೫ ಎಂಬ ಹೆಸರಿನಿಂದ ಭಾರತಕ್ಕೆ ಕಳುಹಿಸಿದರು. ತವರಾದ ಆಸ್ಟ್ರಿಯದಲ್ಲಿ ಎಂದೋ ಮೂಲೆಗೆ ಬಿದ್ದ ಈ ತೋಟಾವನ್ನು ಸ್ವತಂತ್ರ ಭಾರತದ ಸರ್ಕಾರಿ ಶಸ್ತ್ರ ಕಾರ್ಖಾನೆಗಳು ಕೈಗೆತ್ತಿಕೊಂಡವು; .೩೧೫ ಕೋವಿ ಇಂದಿಗೂ ಇಲ್ಲಿ ತಯಾರಾಗುತ್ತಿದೆ. ೧೯೫೯ರ ಶಸ್ತ್ರ ಕಾಯಿದೆ ೧೯೬೨ರಲ್ಲಿ ಜಾರಿಗೆ ಬಂದು ಹಳೆಯ ಶಾಸನವನ್ನು ರದ್ದುಮಾಡಿದರೂ, ನಿಷಿದ್ಧ ಬೋರು ಎಂಬ ಕಲ್ಪನೆ ಉಳಿದುಕೊಂಡಿತು. ಹೀಗೆ ಭಾರತೀಯನ ಕಡವೆಬೇಟೆಯ ಪ್ರಸಿದ್ಧ ಗೀರುಕೋವಿಯನ್ನು ಆರಿಸಿದವನು ಬೇಟೆಗಾರನಲ್ಲ, ಶಾಸನಕಾರ. ಅದು ಕಡವೆಗೆ ಒಪ್ಪಿದ್ದು ಕೇವಲ ಆಕಸ್ಮಿಕವಾದ ಅದೃಷ್ಟ.

೭. ಕೇಪಿನ ಕೋವಿ ಮತ್ತು ಗಾಯಗೊಂಡ ಮೃಗ

.೩೧೫ ಕೊಳ್ಳಬಲ್ಲವರು ಕೆಲವರು. ಮಲೆನಾಡಿನ, ಬಯಲುಸೀಮೆಯ ಹಳ್ಳಿಗರ ಕೈಯಲ್ಲಿದ್ದುದು ಬೇರೆ: ಬಾಯಿಯಿಂದ ಕರಿಮದ್ದು ತುಂಬಿ, ಚರೆಯನ್ನೋ ಸೀಸದ ತುಂಡನ್ನೋ ಗಿಡಿದು ಹಾರಿಸುವ ಕೇಪಿನ ಕೋವಿ, ಇಲ್ಲವೆ ೧೨ ಬೋರಿನ ಒಂಟಿನಳಿಗೆ. ಚರೆಯ ಸಣ್ಣ ಕಾಳು ಕೂಡಲೇ ವೇಗವನ್ನು ಕಳೆದುಕೊಳ್ಳುತ್ತದೆ. ಗುಂಡಿನ ತೂಕ ವ್ಯಾಸದ ಘನಕ್ಕೆ ತಕ್ಕಂತೆಯೂ ಗಾಳಿಯ ತಡೆ ವ್ಯಾಸದ ವರ್ಗಕ್ಕೆ ತಕ್ಕಂತೆಯೂ ಏರುವುದರಿಂದ, ಕಿರಿದಾದ ದುಂಡು ಕಾಳಿಗೆ ತಡೆಯೇ ಹೆಚ್ಚು. ನಲವತ್ತು ಗಜದಾಚೆ ನಿಂತ ಜಿಂಕೆಯ ಮೈಯಲ್ಲಿ ಅಂತಹ ನಾಲ್ಕು ಕಾಳು ನಾಟಿದರೆ ಅದು ಬೀಳುವುದಿಲ್ಲ, ಹುಣ್ಣಾಗಿ ಸಾಯುತ್ತದೆ. ಆದುದರಿಂದ ಇಂತಹ ಕೋವಿಯುಳ್ಳವನು ಹತ್ತಿರದ ಈಡಿಗಾಗಿ ನೀರಿನ ಗುಂಡಿಯ ಬಳಿಯೋ ಹೊಲದ ಅಂಚಿನ ಅಟ್ಟಣೆಯ ಮೇಲೋ ರಾತ್ರಿ ಕಾಯಲೇಬೇಕು.

ಈ ಕಾಯುವಿಕೆಯನ್ನೇ ವಸಾಹತು ಕಾಲದ ಬೇಟೆಯ ಬರಹಗಾರರು ಅನಾಗರಿಕವೆಂದು ಹಳಿದರು. ನೀರಿಗೆ ಬಂದ ಮೃಗವನ್ನು ಹೊಡೆಯುವುದು, ಗಾಯಗೊಳಿಸಿ ಬಿಟ್ಟುಬಿಡುವುದು ದೇಶೀಯ ಶಿಕಾರಿಯ ಸ್ವಭಾವವೆಂಬಂತೆ ಚಿತ್ರಿಸಿದರು. ೧೮೭೯ರ ನೀಲಗಿರಿಯ ಬೇಟೆ ಮತ್ತು ಮೀನುಗಳ ಸಂರಕ್ಷಣ ಕಾಯಿದೆಯಂತಹ ಶಾಸನಗಳ ಹಿಂದೆ ಈ ಮನೋಭಾವವೂ ಕೆಲಸಮಾಡಿತ್ತು. ಆ ಶಾಸನಗಳಿಂದ ಮೃಗಗಳಿಗೆ ಪ್ರಯೋಜನವಾಗಲಿಲ್ಲವೆಂದು ಹೇಳಲಾಗದು. ಹಳ್ಳಿಗರ ಬೇಟೆಯಲ್ಲಿ ಮಿತಿ ಮೀರಿದ ಕೊಲೆ ಇರಲಿಲ್ಲವೆಂದೂ ಹೇಳಲಾಗದು. ಆದರೆ ನೂರೈವತ್ತು ಗಜದಿಂದ ಎದೆಗೆ ಗುಂಡಿಡುವ ಅಧಿಕಾರಿಯ ಸಂಯಮಕ್ಕೂ, ಹದಿನೈದು ಗಜಕ್ಕೆ ಕಾದು ಕೂತ ರೈತನ ‘ಕ್ರೌರ್ಯ’ಕ್ಕೂ ನಡುವೆ ಇದ್ದ ಅಂತರ ಬಹುಮಟ್ಟಿಗೆ ಇಬ್ಬರ ಕೋವಿಗಳ ನಡುವಣ ಅಂತರ. ಆ ಅಂತರವನ್ನು ನಿರ್ಮಿಸಿದ್ದರಲ್ಲಿ ಬಡತನದ ಜತೆಗೆ ಶಸ್ತ್ರಶಾಸನದ ಪಾಲೂ ಉಂಟು. ಒಂದು ಕಾಯಿದೆಯಿಂದ ಒಬ್ಬನ ಕೈಗೆ ಕೆಟ್ಟ ಆಯುಧವನ್ನು ಕೊಟ್ಟು, ಇನ್ನೊಂದರಿಂದ ಆ ಆಯುಧದ ಫಲಕ್ಕೆ ಅವನನ್ನು ದಂಡಿಸಿದ ವ್ಯವಸ್ಥೆಯದು. ಗುಣಾವಗುಣಗಳನ್ನು ಜನಾಂಗಗಳಿಗೆ ಹಂಚುವ ಮುನ್ನ ಅವರ ಕೈಯಲ್ಲಿದ್ದ ಉಪಕರಣವನ್ನು ಪರೀಕ್ಷಿಸಬೇಕೆಂಬುದು ಚರಿತ್ರೆಯ ವಿದ್ಯಾರ್ಥಿ ಇಲ್ಲಿ ಕಲಿಯಬೇಕಾದ ಪಾಠ.

೮. ಉಪಸಂಹಾರ

ಭಾರತದಲ್ಲಿ ಈ ಪ್ರಶ್ನೆ ಈಗ ಚರಿತ್ರೆಗೆ ಸೇರಿದೆ. ೧೯೭೨ರ ವನ್ಯಜೀವಿ ಸಂರಕ್ಷಣ ಕಾಯಿದೆ ಬೇಟೆಯನ್ನು ಕಟ್ಟಿನೊಳಕ್ಕೆ ತಂದಿತು; ೧೯೯೧ರ ತಿದ್ದುಪಡಿಯಿಂದ ಪರವಾನಗಿಯ ಬೇಟೆಯೂ ಮುಗಿಯಿತು. ಮೈಸೂರಿನ ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರದಲ್ಲಿ ಇಂದು ಚುಕ್ಕಿಜಿಂಕೆಯನ್ನು ಎದುರಿಸುವುದು ಕ್ಯಾಮೆರಾ ಮಾತ್ರ. ಆದರೆ ಜಿಂಕೆಯ ಬೇಟೆ ನ್ಯಾಯಸಮ್ಮತವಾಗಿರುವ ದೇಶಗಳಲ್ಲಿ ಚರ್ಚೆ ನಿಂತಿಲ್ಲ. ಅದರ ಕೇಂದ್ರ ವ್ಯಾಸ ವೇಗಗಳಿಂದ ಲೋಹದ ಕಡೆಗೆ ಸರಿದಿದೆ. ಬಿಟ್ಟುಹೋದ ಕರುಳಿನಲ್ಲಿ ಉಳಿಯುವ ಸೀಸದ ಚೂರುಗಳಿಂದ ಹದ್ದುಗಳಿಗೆ ವಿಷವೇರುವುದು ಖಚಿತವಾದ ಮೇಲೆ, ಕ್ಯಾಲಿಫೋರ್ನಿಯ ರಾಜ್ಯವು ೨೦೧೩ರಲ್ಲಿ ಮಾಡಿದ ಶಾಸನದಂತೆ ೨೦೧೯ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಸಂಪೂರ್ಣವಾಗಿ ನಿಷೇಧಿಸಿತು. ತಾಮ್ರದ ಗುಂಡು ಅದೇ ಗಾತ್ರದ ಸೀಸದ ಗುಂಡಿಗಿಂತ ಹಗುರ. ಈ ಕಾರಣದಿಂದ ಸ್ಕಾಟ್ಲೆಂಡು ಜಿಂಕೆಯ ಗುಂಡಿಗೆ ೧೯೮೫ರಲ್ಲಿ ವಿಧಿಸಿದ್ದ ೧೦೦ ಗ್ರೇನಿನ ಕನಿಷ್ಠ ತೂಕವನ್ನು ೨೦೨೩ರಲ್ಲಿ ೮೦ ಗ್ರೇನಿಗೆ ಇಳಿಸಿತು. ಫಾರ್ಸೈತನ ಕಾಲದಲ್ಲಿ ಎದುರಿಗಿದ್ದ ಮೃಗವೊಂದರ ನೋವನ್ನು ಕುರಿತಿದ್ದ ಪ್ರಶ್ನೆ ಈಗ ಆ ಮೃಗದ ಅವಶೇಷವನ್ನು ತಿನ್ನುವ ಹಕ್ಕಿಯ ಪ್ರಾಣದವರೆಗೂ ವಿಸ್ತರಿಸಿದೆ.

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯಗಳನ್ನು ಸಂಗ್ರಹಿಸಬಹುದು. ಮೊದಲನೆಯದು, ನೂರು ವರ್ಷಗಳಲ್ಲಿ ಜಿಂಕೆಗೆ ತಕ್ಕ ಕೋವಿಯ ವ್ಯಾಸ ಮೂರನೆಯ ಒಂದಂಶಕ್ಕಿಳಿದರೂ ಅದರ ಶಕ್ತಿಯ ಮಟ್ಟ ಬಹುತೇಕ ಸ್ಥಿರವಾಗಿ ಉಳಿಯಿತು. ಎರಡನೆಯದು, ವ್ಯಾಸ ಇಳಿದಂತೆ ಗುಂಡಿನ ರಚನೆಯೇ ದಯೆ ಕ್ರೌರ್ಯಗಳ ನಿರ್ಣಾಯಕವಾಯಿತು. ಮೂರನೆಯದು, ಬ್ರಿಟಿಷರ ಆಳ್ವಿಕೆಯ ಭಾರತದಲ್ಲಿ ವ್ಯಾಸದ ಆಯ್ಕೆ ಮೃಗಕ್ಕಿಂತ ಹೆಚ್ಚಾಗಿ ಪ್ರಜೆಯ ಮೇಲಿನ ಅವಿಶ್ವಾಸಕ್ಕೆ ಅಧೀನವಾಗಿತ್ತು.

ನಮ್ಮ ಜಿಲ್ಲಾ ಕಚೇರಿಗಳ ಶಸ್ತ್ರಪರವಾನಗಿಯ ದಾಖಲೆಗಳು, ಕೊಡಗು ಮಲೆನಾಡುಗಳ ಮನೆಗಳಲ್ಲಿ ಗೋಡೆಗೆ ತೂಗುಹಾಕಿರುವ ಹಳೆಯ ಕೋವಿಗಳು, ಅವುಗಳ ನಳಿಗೆಯ ಮೇಲೆ ಕೆತ್ತಿರುವ ಅಂಕೆ ಮುದ್ರೆಗಳು: ಇವೆಲ್ಲವೂ ಚರಿತ್ರೆಯ ಆಧಾರಗಳೇ. ಶಾಸನ ನಾಣ್ಯಗಳನ್ನು ಓದುವ ಶ್ರದ್ಧೆಯಿಂದಲೇ ನಮ್ಮ ವಿದ್ಯಾರ್ಥಿಗಳು ಇವನ್ನೂ ಓದಲಾರಂಭಿಸಿದರೆ, ಯಾರ ಕೈಯಲ್ಲಿ ಯಾವ ಆಯುಧವಿರಲು ರಾಜ್ಯವು ಯಾವಾಗ ಒಪ್ಪಿತು ಎಂಬುದರ ಮೂಲಕ ಕನ್ನಡನಾಡಿನ ಸಾಮಾಜಿಕ ಚರಿತ್ರೆಯ ಒಂದು ಅಧ್ಯಾಯವನ್ನೇ ಬರೆಯಬಹುದಾಗಿದೆ.